ಬೀಳದ ಫಕ್ಕೀರಪ್ಪ

ಒಂದಾನೊಂದು ಊರಿನಲ್ಲಿ, ಊರಿಗೆಲ್ಲ ಒಂದೇ ಗೂಳಿಯಿದ್ದ ಊರಿನಲ್ಲಿ, ಗೂಳಿ ಸವಾರಿಯ ಆಟವಿತ್ತು. ಕೇಳಿ, ಸಾಲು ಕೆಡಿಸದೆ ಹತ್ತಿರ ಬನ್ನಿ! ಗೂಳಿಯನ್ನು ಹತ್ತಬೇಕು, ಗೂಳಿ ಕೆಡವಬೇಕು, ಬಿದ್ದವರ ಕೊರಳಿಗೆ ರಾಜ ಕೊಬ್ಬರಿ ಹಾರ ಹಾಕಬೇಕು. ಆಮೇಲೆ ಮುಂದಿನವರ ಪಾಳಿ. ಹಾರ ಹಾಕುವುದೆಂದರೆ ರಾಜನಿಗೆ ಪ್ರಾಣ. ರಾಜ್ಯಗೀಜ್ಯ ಎಲ್ಲ ಆಮೇಲೆ.

ಒಂದು ದಿನ ಫಕ್ಕೀರಪ್ಪನೆಂಬ ಸವಾರ ಹತ್ತಿದ. ಗೂಳಿ ನೆಗೆಯಿತು. ಅವನು ಬೀಳಲಿಲ್ಲ. ಗಿರಗಿರ ತಿರುಗಿತು. ಬೀಳಲಿಲ್ಲ. ಕೆರೆಗೆ ಹಾರಿತು, ಮೀನೆಲ್ಲ ದಡಕ್ಕೆ ಬಿದ್ದವು. ಫಕ್ಕೀರಪ್ಪ ಬೀಳಲಿಲ್ಲ! ಜನ ಹಲಗೆ ಬಾರಿಸಿ ಕುಣಿದರು. ಅಬ್ಬಬ್ಬಾ, ಅಂಥ ಇನ್ನೊಬ್ಬ ಸವಾರನನ್ನು ನಾನಂತೂ ಕಂಡಿಲ್ಲ.

ಅವನದಾದ ಮೇಲಿನ ಪಾಳಿ ನೀಲವ್ವನದು. ಸೆರಗು ಸಿಕ್ಕಿಸಿಕೊಂಡು ನಿಂತಳು. ನಿಂತೇ ನಿಂತಳು. ಜಾಗ ಬಿಟ್ಟರೆ ಪಾಳಿ ಹೋಗುತ್ತದಲ್ಲ! ನಿಂತು ನಿಂತು ಪರಿಚಯವಾಗಿ ಇಬ್ಬರಿಗೂ ಮದುವೆಯೇ ಆಯಿತು. ಅವನು ಗೂಳಿಯ ಮೇಲಿಂದಲೇ ಬಗ್ಗಿ ತಾಳಿ ಕಟ್ಟಿದ. ಆಗಲೂ ಬೀಳಲಿಲ್ಲ. ಅವಳು ಪಾಳಿಯಿಂದ ರೊಟ್ಟಿ ಎಸೆಯುವಳು, ಅವನು ನೆಗೆತದಲ್ಲೇ ಬಾಯಲ್ಲಿ ಹಿಡಿಯುವನು. ಹೀಗೆ ಸಂಸಾರ ನಡೆಯಿತು. ಹಾರ ಎತ್ತಿ ಹಿಡಿದ ರಾಜ ಕೈ ಇಳಿಸಲೇ ಇಲ್ಲ. ಅವನ ಕಂಕುಳಲ್ಲಿ ಗುಬ್ಬಿ ಗೂಡು ಕಟ್ಟಿತು.

ಕಡೆಗೆ ಗೂಳಿಯೇ ಬಾಯಿಬಿಟ್ಟಿತು. "ಏ ಫಕ್ಕೀರಪ್ಪ, ಒಮ್ಮಿ ಬೀಳೋ ನಮ್ಮಪ್ಪಾ! ನನ್ನ ಸೊಂಟ ಹೋತು."

"ಎಲಾ ಇವನ! ಬಿದ್ರ ನಾ ಎಂಥಾ ಚಾಂಪಿಯನ್?" ಎಂದ ಫಕ್ಕೀರಪ್ಪ.

ಆಗ ನೀಲವ್ವನ ಕಣ್ಣಲ್ಲಿ ನೀರು ಬಂತು. "ಏನ್ರೀ, ನನ್ನ ಕೂದ್ಲ ಬೆಳ್ಳಗಾದುವು. ನಾನೂ ಒಮ್ಮಿ ಹತ್ತಬೇಕಂತ ಬಂದಾಕಿ. ನನ್ನ ಪಾಳಿ ಯಾವಾಗ ಬರತೈತ್ರಿ?"

ಫಕ್ಕೀರಪ್ಪನ ಕರುಳು ಚುರ್ರೆಂದಿತು. ಯಾವ ನೆಗೆತಕ್ಕೂ ಅಲುಗದವನು ಹಗ್ಗ ಬಿಟ್ಟು ತಾನಾಗಿಯೇ ದೊಪ್ಪನೆ ಬಿದ್ದ! ರಾಜ ಖುಷಿಗೆ ಗೊಳೋ ಎಂದು ಅಳುತ್ತ ಹಾರ ಹಾಕಿದ. ಗುಬ್ಬಿ ಹಾರಿಹೋಯಿತು. ನೀಲವ್ವ ಟಣ್ಣನೆ ಜಿಗಿದು ಗೂಳಿ ಹತ್ತಿದಳು.

ಅಂದಿನಿಂದ ಫಕ್ಕೀರಪ್ಪನದು ಆಟದ ಪ್ರಚಾರದ ಕೆಲಸ. ಹಾರ ಹಾಕಿಕೊಂಡೇ ಊರೂರು ಸುತ್ತಿ ಕೂಗುತ್ತಾನೆ: "ಬರ್ರಿ, ಬರ್ರಿ! ಗೂಳಿ ಹತ್ತಾಕ ಬರ್ರಿ! ಹುಡುಗ್ರು ಬರ್ರಿ, ಮುದುಕ್ರು ಬರ್ರಿ!"

"ನಮ್ಮ ಪಾಳಿ ಯಾವಾಗ್ರೀ?" ಎಂದು ಜನ ಕೇಳುತ್ತಾರೆ.

"ನಮ್ಮಾಕಿ ಬಿದ್ದ ಕೂಡ್ಲೆ!" ಎಂದು ಎದೆಯುಬ್ಬಿಸಿ ಹೇಳಿ, ಅವಳಿಗೆ ರೊಟ್ಟಿ ಎಸೆಯಲು ಓಡುತ್ತಾನೆ.

ನೀಲವ್ವ ಬಿದ್ದಿಲ್ಲ. ರಾಜ ಹೊಸ ಹಾರ ಎತ್ತಿ ನಿಂತಿದ್ದಾನೆ. ಗುಬ್ಬಿ ವಾಪಸು ಬಂದಿದೆ. ಸಾಲು ಊರು ದಾಟಿ, ಗುಡ್ಡ ದಾಟಿ ಇಲ್ಲಿಯವರೆಗೂ ಬಂದಿದೆ. ಕತೆಯ ನೀತಿ ಇಷ್ಟೇ: ಪಾಳಿಗೆ ನಿಲ್ಲುವಾಗ ರೊಟ್ಟಿ ಕಟ್ಟಿಕೊಂಡು ಬನ್ನಿ. ಅಯ್ಯೋ, ಕತೆ ಮುಗಿಯಿತೆಂದು ಏಳಬೇಡಿ! ನನ್ನದಾದ ಮೇಲಿನ ಪಾಳಿ ನಿಮ್ಮದೇ.