ಪಟದೊಳಗಿನ ಅಕ್ಕ

ಗುರುವಿಗೆ ಶಿಷ್ಯ ಅಂತ ಇದ್ದವನು ಒಬ್ಬನೇ, ಪಾಲಯ್ಯ. ಆ ಒಬ್ಬನಿಂದಲೇ ಗುರುವಿಗೆ ಸಾಕುಸಾಕಾಗಿ ಹೋಗಿತ್ತು.

ಪಾಲಯ್ಯ ಎಂ.ಎ. ಓದಿದವನು. ಅಕ್ಷರ ದುಂಡಗೆ, ಮುದ್ದಾಗಿ ಬರೆಯುತ್ತಿದ್ದ. ಬರೆದುಕೊಳ್ಳದೆ ಯಾವುದನ್ನೂ ನಂಬುತ್ತಿರಲಿಲ್ಲ. ಒಮ್ಮೆ ಬರೆದುಕೊಂಡನೆಂದರೆ ದೇವರೇ ಬಂದು ತಪ್ಪು ಅಂದರೂ ಬಿಡುತ್ತಿರಲಿಲ್ಲ.

ಆಶ್ರಮ ಇದ್ದದ್ದು ವೇದಾವತಿಯ ದಂಡೆಯಲ್ಲಿ. ಹೊಳೆ ದಾಟಿದರೆ ಕರೇಕಾವಲ ಹಟ್ಟಿ.

ಒಂದು ದಿನ ಹಟ್ಟಿಯ ಹಿರಿಯರು ಮೂರು ಪಟ ಹಿಡಿದುಕೊಂಡು ಬಂದರು. ಎಪ್ಪತ್ತು ವರ್ಷದ ಹಿಂದೆ ಬಿಳಿ ಸಾಹೇಬನೊಬ್ಬ ಬಂದು, ಆಗಿನ ಹಟ್ಟಿ ನಾಯಕರಾದ ಬೋರನಾಯಕರ ಮನೆಮಂದಿಯನ್ನು ನಿಲ್ಲಿಸಿ ತೆಗೆದಿದ್ದ ಪಟಗಳು. ಇಷ್ಟು ದಿನ ಯಾವುದೋ ದೂರದೇಶದ ಕಪಾಟಿನಲ್ಲಿ ಬಿದ್ದಿದ್ದು, ಈಗ ಅಂಚೆಯಲ್ಲಿ ವಾಪಸು ಬಂದಿದ್ದವು.

“ದೇವರಮನೆ ಪಡಸಾಲೇಲಿ ತೂಗಾಕ್ತೀವಿ ಅಜ್ಜಯ್ಯ,” ಅಂದರು ಹಿರಿಯರು. “ಕೆಳಗೆ ಯಾರ್ಯಾರು ಅಂತ ಹೆಸರು ಬೇಕು. ನಿಮ್ಮ ಪಾಲಯ್ಯ ಬರ್ಕೊಡ್ಲಿ. ಸೋಮವಾರ ಚೌಕಟ್ಟು ಹಾಕೋನು ಬರ್ತಾನೆ. ಗಾಜು ಕೂರಿಸಿದ್ಮೇಲೆ ಮುಗೀತು, ತಿದ್ದೋಕಾಗಲ್ಲ.”

“ಇವರನ್ನೆಲ್ಲ ಕಂಡೋರು ಯಾರಾದ್ರೂ ಅವ್ರಾ?” ಗುರು ಕೇಳಿದರು.

“ಸೂರಮ್ಮಜ್ಜಿ ಒಬ್ಳೇ. ಬೋರನಾಯಕರ ಹೆಂಡ್ತಿ. ತೊಂಬತ್ತರ ಹತ್ರ ಬಂದವ್ಳೆ. ಈ ಬೇಸಿಗೆ ಕಳೀತಾಳೋ ಇಲ್ವೋ, ಯಾರಿಗ್ಗೊತ್ತು.”

ಒಂದು ಪಟದಲ್ಲಿ ಹಟ್ಟಿಯ ದೇವರೆತ್ತು. ಅದಕ್ಕೇನೂ ಕಷ್ಟವಾಗಲಿಲ್ಲ. ಹಿರಿಯರು ಅಲ್ಲೇ ಕುಕ್ಕರಗಾಲಲ್ಲಿ ಕೂತು ಎತ್ತಿನ ಹೆಸರು, ಅದರ ತಾಯಿಯ ಹೆಸರು, ತಾಯಿಯ ತಾಯಿಯ ಹೆಸರು, ಎಲ್ಲ ಹೇಳಿದರು. ಒಂದು ಹೆಸರಿಗೆ ಇಬ್ಬರು ಜಗಳವನ್ನೂ ಆಡಿದರು. ಪಾಲಯ್ಯ ಖುಷಿಯಾಗಿ ಬರೆದುಕೊಂಡ.

ಇನ್ನೊಂದರಲ್ಲಿ ಇಬ್ಬರು ಗಂಡಸರು. ಅದೇ ಪೇಟ, ಅದೇ ಮೀಸೆ, ಅದೇ ಬಿಗಿದ ಮುಖ. ಒಬ್ಬರು ಬೋರನಾಯಕರು, ಇನ್ನೊಬ್ಬರು ಅವರ ತಮ್ಮ. ಯಾರು ಯಾರೆಂದು ಹಿರಿಯರಿಗೂ ಗೊತ್ತಿರಲಿಲ್ಲ.

ಮೂರನೆಯದರಲ್ಲಿ ಒಬ್ಬ ಹೆಂಗಸು ಕೂತಿದ್ದಳು, ತೊಡೆಯ ಮೇಲೆ ಹೆಣ್ಣುಮಗು. ಪಕ್ಕದಲ್ಲಿ ಒಬ್ಬ ಹುಡುಗಿ ನಿಂತಿದ್ದಳು.

ಪಾಲಯ್ಯ ಹೊಳೆ ದಾಟಿದ.

ಸೂರಮ್ಮ ಗುಡಿಸಲ ಮುಂದೆ ಹೊರಸಿನ ಮೇಲೆ ಕೂತಿದ್ದಳು. ಹೆಂಗಸರ ಪಟ ಕಂಡವಳೇ ಅದನ್ನು ಕಸಿದುಕೊಂಡು ಎದೆಗೆ ಒತ್ತಿಕೊಂಡಳು.

“ಹೆಸರು ಹಾಕೋದಾದ್ರೆ ಮೊದ್ಲು ಅಕ್ಕಂದು ಹಾಕಪ್ಪ. ನಾನು ಹೋದ್ಮೇಲೆ ಅವಳು ಯಾರು ಅಂತ ಹೇಳೋರೇ ಇಲ್ಲ. ಅದೊಂದು ಆಗಿಬಿಟ್ರೆ ನಾನು ನೆಮ್ಮದಿಯಾಗಿ ಕಣ್ಣು ಮುಚ್ಚೇನು.”

“ಹಾಕೋಣ ಅಜ್ಜಿ, ಹಾಕೋಣ. ವರಸೆ ಪ್ರಕಾರ ಹೋಗೋಣ,” ಅಂದ ಪಾಲಯ್ಯ. ಗಂಡಸರ ಪಟ ಹಿಡಿದ. “ಇವರು ಯಾರು?”

“ನಮ್ಮೋರು.”

“ಇವರು?”

“ಅವ್ರೂ ನಮ್ಮೋರೇ.”

“ಇಬ್ಬರಲ್ಲಿ ಬೋರನಾಯಕರು ಯಾರು ಅಂತ ಹೇಳಿಬಿಡಿ, ಸಾಕು.”

ಸೂರಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದಳು. “ಅಯ್ಯಪ್ಪ, ಎಂಥ ಮಾತು ಆಡ್ತೀಯ!”

ಪಾಲಯ್ಯ ಮಧ್ಯಾಹ್ನದ ಹೊತ್ತಿಗೆ ಆಶ್ರಮಕ್ಕೆ ಬಂದ. ಕಾಗದವನ್ನು ಗುರುವಿನ ಮುಂದೆ ಎಸೆಯಲಿಲ್ಲ, ಅಷ್ಟೇ.

“ನೋಡಿ ಗುರುಗಳೇ. ಒಂದನೆಯವರು ನಮ್ಮೋರು, ಎರಡನೆಯವರು ನಮ್ಮೋರು. ಕೂತಾಕೆ ಅಕ್ಕ. ಇದನ್ನ ತಗೊಂಡು ನಾನು ಏನು ಬರೀಲಿ? ಆ ಅಜ್ಜಿಗೆ ಅರಳುಮರಳು. ಕಟ್ಟಿಕೊಂಡ ಗಂಡನ ಹೆಸರೇ ಗೊತ್ತಿಲ್ಲ!”

ಗುರು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

“ನಿನ್ನ ಗುರುವಿನ ಹೆಸರೇನು?”

ಪಾಲಯ್ಯ ಕಕ್ಕಾಬಿಕ್ಕಿಯಾದ. “ತಾವೇ ಅಲ್ವಾ?”

“ಹೆಸರು ಕೇಳ್ದೆ.”

“ಅಜ್ಜಯ್ಯ...”

“ಅದು ಊರೋರು ಕರೆಯೋದು. ಹೆತ್ತೋರು ಇಟ್ಟಿದ್ದು ಹೇಳು.”

ಪಾಲಯ್ಯನ ಬಾಯಿ ತೆರೆಯಿತು, ಮತ್ತೆ ಮುಚ್ಚಿತು. ಕೈಗಳು ತಾವಾಗಿಯೇ ಮುಗಿದವು.

“ಗುರುಗಳ ಹೆಸರನ್ನ ಈ ಬಾಯಲ್ಲಿ ಹೆಂಗೆ ಆಡ್ಲಿ ಅಜ್ಜಯ್ಯ?”

“ಗೊತ್ತೈತೋ ಇಲ್ವೋ?”

“ಗೊತ್ತೈತೆ.”

“ಬಾಯಿಗೆ ಬರಲ್ಲ.”

“ಬರಲ್ಲ.”

“ಹಂಗಾದ್ರೆ ಬರ್ಕೋ,” ಅಂದರು ಗುರು. “ಶಿಷ್ಯನಿಗೆ ಅರಳುಮರಳು. ಗುರುವಿನ ಹೆಸರೇ ಗೊತ್ತಿಲ್ಲ.”

ನಂಬಿದರೆ ನಂಬಿ, ಪಾಲಯ್ಯ ಪೆನ್ನು ತೆಗೆದಿದ್ದ. ಗುರು ಅವರೆಕಾಯಿ ಸಿಪ್ಪೆಯನ್ನು ಅವನ ಮೇಲೆ ಎಸೆದರು.

“ನಾಳೆ ಮತ್ತೆ ಹೋಗು. ಬಾಯಿ ಬಿಡಬ್ಯಾಡ. ಪಟ ಅಜ್ಜಿ ನೋಡ್ಲಿ. ನೀನು ಅಜ್ಜೀನ ನೋಡು.”

ಪಾಲಯ್ಯ ಮತ್ತೆ ಹೊಳೆ ದಾಟಿದ.

ಗಂಡಸರ ಪಟ ಹಿಡಿದು, ಎಡಗಡೆಯವರ ಮೇಲೆ ಬೆರಳಿಟ್ಟ. ಸೂರಮ್ಮ ನೋಡಿದಳು, ಮೂಗಿನ ಮೇಲೆ ಕೂತ ನೊಣ ಓಡಿಸಿದಳು. ಬಲಗಡೆಯವರ ಮೇಲೆ ಬೆರಳಿಟ್ಟ. ಸೂರಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಹೊರಸಿನ ಮೇಲೆ ಚಾಚಿದ್ದ ಕಾಲನ್ನು ಮಡಿಚಿಕೊಂಡಳು.

ಪಾಲಯ್ಯನಿಗೆ ಕುಣಿದಾಡುವ ಹಾಗಾಯಿತು. ಬಲಗಡೆ ಬೋರನಾಯಕರು! ಬರೆದುಕೊಂಡ.

ಅಲ್ಲಿಗೆ ಎದ್ದು ಬಂದಿದ್ದರೆ ಚೆನ್ನಾಗಿತ್ತು. ಆದರೆ ಬಾಯಿ ಮುಚ್ಚಿಕೊಂಡು ಇರುವವನಾಗಿದ್ದರೆ ಅವನು ಪಾಲಯ್ಯ ಯಾಕಾಗುತ್ತಿದ್ದ?

ಹೆಂಗಸರ ಪಟ ಮುಂದಿಟ್ಟ. ಸೂರಮ್ಮ ಕೂತವಳ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು.

“ನಿಂತಿರೋದು ಯಾರು ಅಜ್ಜಿ?”

“ನಾನೇ ಕಣಪ್ಪ. ಹದಿನಾರು ವರ್ಷ ಆಗ.”

“ಕೂತಿರೋದು ನಿಮ್ಮಕ್ಕ.”

“ಹೂಂ. ಅಕ್ಕ.”

“ನಿಮ್ಮ ಅಪ್ಪ ಅವ್ವನಿಗೆ ಎಷ್ಟು ಜನ ಹೆಣ್ಣುಮಕ್ಕಳು?”

“ನಾನೊಬ್ಳೇ. ಒಂದೇ ಕುಡಿ.”

ಪಾಲಯ್ಯ ಪೆನ್ನು ಕೆಳಗಿಟ್ಟ. “ಒಬ್ಬರೇ ಅಂದ್ರೆ ಅಕ್ಕ ಎಲ್ಲಿಂದ ಬಂದ್ರು?”

“ಅಕ್ಕ ಎಲ್ಲಿಂದ ಬರ್ತಾಳೆ? ಅಕ್ಕ ಮನೇಲೇ ಇದ್ಲು. ನಾನು ಬಂದೋಳು.”

“ದೊಡ್ಡಪ್ಪನ ಮಗಳಾ?”

“ಅಲ್ಲ.”

“ದೊಡ್ಡವ್ವನ ಮಗಳಾ?”

“ಅಲ್ಲ ಅಂದ್ನಲ್ಲಪ್ಪ. ಅಕ್ಕ.”

“ಹೋಗ್ಲಿ ಬಿಡಿ,” ಅಂದ ಪಾಲಯ್ಯ, ಹಲ್ಲು ಕಚ್ಚಿಕೊಂಡು. “ಮಗು ಯಾರದು?”

“ಅಕ್ಕಂದು.”

“ಅಂದ್ರೆ ಅಕ್ಕ ಹೆತ್ತಿದ್ದು.”

“ಹೆತ್ತಿದ್ದು ನಾನು.”

ಪಾಲಯ್ಯ ಎದ್ದು ನಿಂತ. ಯಾಕೆ ಎದ್ದೆನೆಂದು ಅವನಿಗೇ ತಿಳಿಯಲಿಲ್ಲ. ಮತ್ತೆ ಕೂತ.

“ಹೆತ್ತಿದ್ದು ನೀವು. ಮಗು ಅವರದು. ಅವರು ನಿಮ್ಮಕ್ಕ. ಆದರೆ ನಿಮಗೆ ಅಕ್ಕ ಇಲ್ಲ.”

“ಈಗ ತಿಳೀತಲ್ಲ,” ಅಂದಳು ಸೂರಮ್ಮ, ಸಮಾಧಾನದಿಂದ.

ಅವತ್ತು ಪಾಲಯ್ಯ ಗುರುವಿಗೆ ಏನೂ ಹೇಳಲಿಲ್ಲ. ಭಾನುವಾರ ಇಡೀ ದಿನ ಕೂತು, ದಪ್ಪ ಕಾಗದದ ಮೂರು ಚೀಟಿ ಮಾಡಿ, ಕಪ್ಪು ಶಾಯಿಯಲ್ಲಿ ಬರೆದ. ಸಾಕ್ಷಿಯಿಲ್ಲದ ಒಂದು ಮಾತನ್ನೂ ಬರೆಯಲಿಲ್ಲ ಎಂದು ಅವನಿಗೆ ಬಹಳ ಹೆಮ್ಮೆ.

ಸೋಮವಾರ ಗುರುವೂ ಅವನ ಜೊತೆ ಹೊಳೆ ದಾಟಿದರು. ದೇವರಮನೆ ಮುಂದೆ ಚೌಕಟ್ಟಿನವನು ಗಾಜು ಒರೆಸುತ್ತ ಕೂತಿದ್ದ. ಹಟ್ಟಿಯವರು ಸೂರಮ್ಮನನ್ನು ಹೊರಸಿನ ಸಮೇತ ಎತ್ತಿ ತಂದಿದ್ದರು.

ಪಾಲಯ್ಯ ಗಂಟಲು ಸರಿಮಾಡಿಕೊಂಡು ಓದಿದ.

ಎತ್ತಿನ ಚೀಟಿ ಓದಿದಾಗ ಜನ ತಲೆದೂಗಿದರು. ಗಂಡಸರ ಚೀಟಿ ಓದಿದಾಗ ಸೂರಮ್ಮ ಸೆರಗು ಎಳೆದುಕೊಂಡಳು. ಒಂದೊಂದು ಚೀಟಿಯ ಕೊನೆಗೂ ‘ಗುರುತಿಸಿದವರು: ಪಾಲಯ್ಯ, ಎಂ.ಎ.’ ಎಂದಿತ್ತು. ಅದನ್ನೂ ಬಿಡದೆ ಓದಿದ.

ಆಮೇಲೆ ಮೂರನೆಯದು.

“ನಿಂತವರು, ಸೂರಮ್ಮ, ಬೋರನಾಯಕರ ಹೆಂಡತಿ. ಕೂತವರು, ಅಪರಿಚಿತ ಮಹಿಳೆ. ತೊಡೆಯ ಮೇಲೆ, ಸೂರಮ್ಮನವರ ಮಗಳು.”

“ಹಂಗಂದ್ರೆ ಏನಪ್ಪ?” ಸೂರಮ್ಮ ಕೇಳಿದಳು. “ಅದೇನೋ ಅಂದ್ಯಲ್ಲ, ಅಪ... ಏನದು?”

“ಅಪರಿಚಿತ. ಅಂದ್ರೆ ಯಾರು ಅಂತ ಗೊತ್ತಿಲ್ಲದೋರು ಅಜ್ಜಿ.”

ಸೂರಮ್ಮ ಹೊರಸಿನಿಂದ ಇಳಿದಳು. ಅವಳು ತಾನಾಗಿ ಇಳಿದದ್ದನ್ನು ಕಂಡು ಒಂದು ವರ್ಷವಾಗಿತ್ತು, ಜನ ಹಿಡಿಯಲು ಓಡಿ ಬಂದರು. ಅವಳು ಎಲ್ಲರ ಕೈ ಕೊಡವಿದಳು.

“ಗೊತ್ತಿಲ್ಲದೋಳಾ? ಯಾರಿಗೋ ಗೊತ್ತಿಲ್ಲ? ನಿನ್ನ ಓದಿಗೆ ಬೆಂಕಿ ಬೀಳ್ಲಿ! ನಾಯಕರ ಹಿರೇ ಹೆಂಡ್ತಿ ಅವಳು! ಅವಳ ಹೊಟ್ಟೇಲಿ ಮಕ್ಕಳು ನಿಲ್ಲಲಿಲ್ಲ. ಅದಕ್ಕೆ ತಾನೇ ನಡ್ಕೊಂಡು ನಮ್ಮಪ್ಪನ ಹಟ್ಟಿಗೆ ಬಂದು, ನಿನ್ನ ಮಗಳನ್ನ ನನ್ನ ಮನೆಗೆ ಕೊಡು ಅಂತ ಕೇಳಿದ್ಲು. ಬರೋವಾಗ ದಾರೀಲಿ ಮುಳ್ಳು ಚುಚ್ಚಿ ನಾನು ಅಳ್ತಿದ್ದೆ ಅಂತ ನನ್ನ ಸೊಂಟದ ಮೇಲೆ ಹೊತ್ಕೊಂಡ್ಲು. ಮದುವೆ ಹುಡುಗೀನ! ನಾನು ಹೆತ್ತೆ, ಅವಳ ಮಡಿಲಿಗೆ ಹಾಕಿದೆ. ಮಗು ಅವಳನ್ನೇ ಅವ್ವ ಅಂತಿತ್ತು. ನನ್ನ ಹೆಸರು ಹಿಡಿದು ಕರೀತಿತ್ತು. ಮಾರನೇ ವರ್ಷ ಪ್ಲೇಗು ಬಂದು ಅವಳನ್ನ ಎತ್ಕೊಂಡು ಹೋಯ್ತು. ಈಗ ಮಗಳೂ ಇಲ್ಲ. ನಾನೊಬ್ಳೇ ಉಳಿದಿರೋದು. ಗೊತ್ತಿಲ್ಲದೋಳಂತೆ!”



ಪಾಲಯ್ಯನ ಮುಖ ಕೆಂಪಾಯಿತು. ಸವತಿಯನ್ನು ಅಕ್ಕ ಅಂತ ಕರೆಯುವುದು ಅವನಿಗೆ ಗೊತ್ತಿರಲಿಲ್ಲ ಅಂತಲ್ಲ. ಅವನ ಸ್ವಂತ ಅಜ್ಜಿಯೇ ಹಾಗೆ ಕರೆಯುತ್ತಿದ್ದಳು. ಬರೆಯಲು ಕೂತಾಗ ಅದು ನೆನಪಿಗೇ ಬರಲಿಲ್ಲ.

“ತಪ್ಪಾಯ್ತು ಅಜ್ಜಿ,” ಅಂದ. ಚೀಟಿ ಹರಿದ. ಹೊಸ ಚೀಟಿ ತೆಗೆದು, ಕೆಳಗೆ ಮೊದಲು ತನ್ನ ‘ಗುರುತಿಸಿದವರು’ ಸಾಲು ಬರೆದ. ರೂಢಿ. ಆಮೇಲೆ ಪೆನ್ನು ಎತ್ತಿ ಹಿಡಿದ. “ಹೇಳಿ. ಅಕ್ಕನ ಹೆಸರೇನು?”

ಸೂರಮ್ಮ ಬಾಯಿ ತೆರೆದಳು.

ತೆರೆದ ಬಾಯಿ ಹಾಗೇ ನಿಂತಿತು.

“ಅಕ್ಕ ಅಂತಿದ್ದೆ,” ಅಂದಳು.

“ನಾಯಕರು ಏನಂತ ಕರೀತಿದ್ರು?”

“ಏ ಇವಳೇ ಅಂತಿದ್ರು.”

“ಹಟ್ಟಿಯೋರು?”

“ನಾಯಕಸಾನಿ ಅಂತಿದ್ರು.”

“ಹೆಸರು ಅಜ್ಜಿ. ಹೆಸರು.”

ಸೂರಮ್ಮ ಪಟ ನೋಡಿದಳು. ಪಟದಲ್ಲಿ ಕೂತವಳು ಅವಳನ್ನೇ ನೋಡುತ್ತಿದ್ದಳು.

“ಮೂರು ವರ್ಷ ಒಂದೇ ಗಂಗಾಳದಾಗೆ ಉಂಡೆ ಕಣಪ್ಪ,” ಅಂದಳು. “ದಿನಾ ನನ್ನ ತಲೆ ಬಾಚಿ ಹೆಣೀತಿದ್ಲು. ನಿನ್ನ ಹೆಸರೇನಕ್ಕ ಅಂತ ಒಂದಿನಾನೂ ಕೇಳ್ಲಿಲ್ಲ. ಕೇಳ್ಬೇಕು ಅನ್ನಿಸ್ಲೇ ಇಲ್ಲ.”

ಅವಳು ನೆಲದ ಮೇಲೆ ಕುಸಿದು ಕೂತು ಅತ್ತಳು. ನಾಚಿಕೆಗೆಟ್ಟೆ, ನಾಚಿಕೆಗೆಟ್ಟೆ ಎಂದು ಹಣೆ ಬಡಿದುಕೊಂಡಳು. ಗುರು ಅವಳ ಕೈ ಹಿಡಿದುಕೊಂಡರು.

ಹಿರಿಯರನ್ನು ಪಾಲಯ್ಯ ಒಬ್ಬೊಬ್ಬರನ್ನಾಗಿ ಕೇಳಿದ. ಎಲ್ಲರೂ ತಲೆ ಅಲ್ಲಾಡಿಸಿದರು. ಅವಳು ಸತ್ತಾಗ ಅವರು ಯಾರೂ ಹುಟ್ಟಿರಲಿಲ್ಲ.

ಗಾಜು ಒರೆಸಿ ಮುಗಿದಿತ್ತು. ಚೌಕಟ್ಟಿನವನು ಬಿಸಿಲು ನೋಡಿದ. “ಬೇಗ ಆಗ್ಲಿ ಸ್ವಾಮಿ, ಬಸ್ಸು ಹೋಗುತ್ತೆ.”

ಪಾಲಯ್ಯ ಗುರುವಿನ ಹತ್ತಿರ ಬಗ್ಗಿ, ಪಿಸುದನಿಯಲ್ಲಿ ಅಂದ:

“ಗುರುಗಳೇ, ನನಗೂ ಸಂಕಟವಾಗುತ್ತೆ. ಆದರೆ ಹೆಸರು ಸಿಗದೇ ಇದ್ದಾಗ ಬರೆಯೋ ಕ್ರಮ ಅಂತ ಒಂದಿದೆ. ಹಿರೇ ಹೆಂಡತಿ ಅಂತ ಸೇರಿಸ್ತೀನಿ. ಆದರೂ ಅಪರಿಚಿತ ಅನ್ನೋ ಮಾತು ಎಲ್ಲಾದರೂ ಇರಲೇಬೇಕು.”

ಗುರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಚೀಟಿಯನ್ನೂ ನೋಡಿದರು.

“ಅವಳ ಕೆಳಗೆ ‘ಅಕ್ಕ’ ಅಂತ ಬರಿ,” ಅಂದರು. “ಆ ಅಪರಿಚಿತ ಅನ್ನೋದು ಇರಲೇಬೇಕು ಅಂದ್ರೆ, ಕೊನೇಲಿ ‘ಗುರುತಿಸಿದವರು’ ಅಂತ ಬರ್ಕೊಂಡಿದ್ದೀಯಲ್ಲ, ಅಲ್ಲಿ ನಿನ್ನ ಹೆಸರಿನ ಜಾಗದಲ್ಲಿ ಹಾಕ್ಕೋ.”