ಬಲಬಾಗಿಲಿನ ಹ್ಯಾಂಡಲ್

ಗುರು ಎಂದ ಮೇಲೆ ನದಿ, ಆಲದ ಮರ, ಹುಲ್ಲಿನ ಗುಡಿಸಲು ಇರಲೇಬೇಕು ಎಂದು ಯಾರು ಹೇಳಿದರೋ ಗೊತ್ತಿಲ್ಲ. ಗೈಬುಸಾಬರಿಗೆ ಇದ್ದದ್ದು ಒಂದು ತಗಡಿನ ಶೆಡ್ಡು. ಎದುರಿಗೆ ಸಣ್ಣ ಹಳ್ಳ. ಹಳ್ಳದ ಆಚೆ ದಂಡೆಗೆ ಗುಜರಿ.

ಹಳೇ ಕಾರುಗಳಿಗೆ ಮತ್ತೆ ಜೀವ ತುಂಬುವುದು ಅವರ ಕೆಲಸ. ಹುಬ್ಬಳ್ಳಿಯ ಗ್ಯಾರೇಜಿನವರೆಲ್ಲ ಅವರನ್ನು ಉಸ್ತಾದ್ ಎಂದೇ ಕರೆಯುತ್ತಿದ್ದರು.

ಶಿಷ್ಯೆಯ ಹೆಸರು ಕಸ್ತೂರಿ. ಆಟೊಮೊಬೈಲ್ ಡಿಪ್ಲೊಮಾ ಮಾಡಿದವಳು. ಶೋರೂಮಿನಲ್ಲಿ ಎರಡು ವರ್ಷ ದುಡಿದು, ಬೇಜಾರು ಬಂದು, ಇಲ್ಲಿ ಸೇರಿಕೊಂಡಿದ್ದಳು. ಕೈ ಚುರುಕು. ಬಾಯಿ ಅದಕ್ಕಿಂತ ಚುರುಕು.

ಅವಳು ಮೊದಲ ಸಲ ಒಬ್ಬಳೇ ಸರಿಮಾಡಿದ ಕಾರು ರಾಹೇಲ ಸಿಸ್ಟರ್ ಅವರದು, ದುಂಡು ಮೂಗಿನ ಹಳೇ ಮೋರಿಸ್. ಸಿಸ್ಟರ್ ಅದರಲ್ಲಿ ಊರೂರು ತಿರುಗಿ ಹೆರಿಗೆ ಮಾಡಿಸಿದವರು. ಈಗ ಎಂಜಿನ್ ಸರಿಯಾಗಿತ್ತು, ಬ್ರೇಕು ಸರಿಯಾಗಿತ್ತು, ಬಣ್ಣ ಫಳಫಳ ಹೊಳೆಯುತ್ತಿತ್ತು. ಉಳಿದದ್ದು ಒಂದೇ, ಡ್ರೈವರ್ ಬಾಗಿಲಿನ ಹೊರಗಿನ ಹ್ಯಾಂಡಲ್.

ಅದು ಮುರಿದು ಹನ್ನೆರಡು ವರ್ಷ. ಅಲ್ಲಿಂದ ಇಲ್ಲಿಯವರೆಗೆ ಸಿಸ್ಟರ್ ಎಡಬಾಗಿಲಿನಿಂದ ಹತ್ತಿ, ಸೀರೆ ಎತ್ತಿ ಹಿಡಿದು, ಗೇರು ದಾಟಿ, ಸ್ಟೇರಿಂಗಿನ ಹಿಂದೆ ಹೋಗಿ ಬೀಳುತ್ತಿದ್ದರು.

“ಎಪ್ಪತ್ತೆರಡು ಆತು ನನಗ. ಇನ್ನ ಈ ಸರ್ಕಸ್ ಸಾಕು,” ಎಂದಿದ್ದರು ಸಿಸ್ಟರ್. “ಐತ್ವಾರ ಚರ್ಚ್ ಮುಗಿಸಿ ಬರ್ತೀನಿ. ನನ್ನ ಬಾಗಲಾ ತೆರೀತು ಅಂದ್ರ ಕಾರು ನನ್ನದು. ತೆರೀಲಿಲ್ಲ ಅಂದ್ರ ಹೋಟೆಲಿನವರಿಗೆ ಕೊಟ್ಟಬಿಡ್ತೀನಿ.”

ಹೋಟೆಲಿನವರು ಅದನ್ನು ಬಾಗಿಲ ಮುಂದೆ ನಿಲ್ಲಿಸಿ, ಬಾನೆಟ್ಟಿನೊಳಗೆ ಮಣ್ಣು ತುಂಬಿ, ಹೂವಿನ ಗಿಡ ಬೆಳೆಸುವವರಿದ್ದರು. ಆ ಮಾತು ಕೇಳಿದ ದಿನ ಕಸ್ತೂರಿಗೆ ಊಟ ಸೇರಿರಲಿಲ್ಲ.

ಬೇರೆ ಕಾರಿನ ಹ್ಯಾಂಡಲ್ ಹಾಕಬೇಕೆಂದರೆ ಬಾಗಿಲು ಕೊರೆಯಬೇಕು. ಅದಕ್ಕೆ ಅವಳ ಮನಸ್ಸು ಒಪ್ಪಲಿಲ್ಲ. ಆರು ವಾರ ಗದಗ, ಬೆಳಗಾವಿ, ಸೊಲ್ಲಾಪುರದ ಗುಜರಿಗಳನ್ನೆಲ್ಲ ಜಾಲಾಡಿದಳು. ಮೈಗೆಲ್ಲ ತುಕ್ಕು ಹತ್ತಿತೇ ಹೊರತು ಹ್ಯಾಂಡಲ್ ಸಿಗಲಿಲ್ಲ.

ಸಿಕ್ಕಿದ್ದು ಆ ಭಾನುವಾರವೇ, ಬೆಳಗ್ಗೆ ಎಂಟಕ್ಕೆ, ಹಳ್ಳದಾಚೆಯ ಗುಜರಿಯಲ್ಲಿ. ಹಿಂದಿನ ದಿನ ಬಂದ ಲೋಡಿನಲ್ಲಿ ಅಂಥದ್ದೇ ಒಂದು ಮೋರಿಸ್ ಇತ್ತು. ಗಾಲಿಯಿಲ್ಲ, ಗಾಜಿಲ್ಲ, ಆದರೆ ಹ್ಯಾಂಡಲ್ ಇತ್ತು!

ಅದನ್ನು ಎತ್ತಿ ಹಿಡಿದು ಕಸ್ತೂರಿ ಹಳ್ಳ ದಾಟಿ ಓಡಿ ಬಂದಳು.

“ಸಿಕ್ತರೀ ಉಸ್ತಾದ್ರ! ಸಿಕ್ತು!”

ಉಸ್ತಾದ್ ಚಹಾ ಕುಡಿಯುತ್ತಿದ್ದರು. “ಹಾಕಿ ನೋಡವಾ,” ಎಂದರು.

ಹಾಕಿದಳು. ಕೂರಲಿಲ್ಲ. ತಿರುವಿ ಹಾಕಿದಳು. ಕೀಲಿಯ ತೂತು ತಲೆಕೆಳಗಾಯಿತು.

“ಎಡಕಿಂದು ತಂದೀಯಲ್ಲ,” ಎಂದರು ಉಸ್ತಾದ್.

“ಇಲ್ರಿ! ಬಲಕಿಂದ ಬಿಚ್ಚೀನಿ. ನನ್ನ ಬಲಗೈ ಕಡೆನ ಇತ್ತು.”

“ನೀ ಎಲ್ಲಿ ನಿಂತಿದ್ದಿ?”

“ಕಾರಿನ ಮುಂದ.”

“ಅದರ ಮಾರಿ ಯಾವ ಕಡೆ ಇತ್ತು?”

“ನನ್ನ ಕಡೆ...” ಎಂದವಳು ಅಲ್ಲಿಗೇ ನಿಂತಳು.

ಕಾರಿನ ಎಡ ಬಲ ಹೇಳುವುದು ಡ್ರೈವರ್ ಸೀಟಿನಲ್ಲಿ ಕೂತವರ ಲೆಕ್ಕದಲ್ಲಿ. ಇದನ್ನೇ ಪರೀಕ್ಷೆಯಲ್ಲಿ ಬರೆದು ಪಾಸಾದವಳು ಅವಳು.

ಉಸ್ತಾದ್ ನಕ್ಕರು. ನಕ್ಕ ರಭಸಕ್ಕೆ ಚಹಾ ಗಡ್ಡದ ಮೇಲೆಲ್ಲ ಚೆಲ್ಲಿತು. ಕಸ್ತೂರಿಗೂ ನಗು ಬಂತು, ಹಿಂದೆಯೇ ಅಳುವೂ ಬಂತು.

“ಬಲಕಿಂದು ಸಿಗೂದಿಲ್ರಿ,” ಎಂದಳು. “ಆ ಬಾಜೂಕ ಲಾರಿ ಬಾಡಿ ತಂದು ಒತ್ತಿ ನಿಲ್ಲಿಸ್ಯಾರ. ಕೈ ತೂರೂವಷ್ಟ ಸಂದಿ ಐತಿ, ಮನಷ್ಯಾರು ಹೋಗಾಕ ಆಗೂದಿಲ್ಲ. ಕ್ರೇನ್ ಬರೂದು ನಾಳೆ.”

“ಹಂಗಾರ ಮೊದಲ ಇದನ್ನ ಒಯ್ದು, ಎಲ್ಲಿ ಬಿಚ್ಚಿದ್ಯೋ ಅಲ್ಲೇ ಹಾಕಿ ಬಾ.”

“ಈಗ್ರೀ?”

“ಈಗ.”

“ಉಸ್ತಾದ್ರ, ಇನ್ನೊಂದು ತಾಸಿಗೆ ಸಿಸ್ಟರ್ ಬರ್ತಾರ. ಅದು ಸತ್ತ ಕಾರು. ಇವತ್ತಲ್ಲ ನಾಳೆ ಒಡೀತಾರ!”

“ಒಡಿಯೂ ಮಟ ಅದು ಕಾರ ಅಲ್ಲೇನು? ನಿನ್ನಂಗ ಯಾರೋ ಆರು ವಾರದಿಂದ ಎಡಕಿಂದು ಹುಡಿಕ್ಕೋತ ಬರಾಕತ್ತಿರಬಹುದು. ಬಂದು ನೋಡಿದ್ರ ಬರೇ ತೂತು. ಎರಡೂ ನಟ್ಟು ಹಾಕು. ಬಿಗಿ ಮಾಡು.”

ಬೇಡದ ಸಾಮಾನು ಬಿಚ್ಚಿದರೆ ಬಿಚ್ಚಿದ ಜಾಗಕ್ಕೇ ಸೇರಿಸುವುದು ಗೈಬುಸಾಬರ ಶೆಡ್ಡಿನ ಪದ್ಧತಿ. ಅದಕ್ಕೆ ವಿನಾಯಿತಿ ಕೇಳಿದವರು ಇದ್ದರು, ಪಡೆದವರು ಯಾರೂ ಇರಲಿಲ್ಲ.

ಕಸ್ತೂರಿ ಗೊಣಗುತ್ತ ಹೋದಳು. ಹಳ್ಳ ದಾಟುವವರೆಗೂ ಅವಳ ಗೊಣಗು ಕೇಳಿಸಿತು.

ಬಿಚ್ಚುವಾಗ ಅವಸರದಲ್ಲಿ ಬಾಗಿಲು ತೆರೆದು, ಹೊರಗೇ ಕುಕ್ಕರಗಾಲಿನಲ್ಲಿ ಕೂತು ಬಿಚ್ಚಿದ್ದಳು. ಈಗ ಹಾಕಲು ಹೋದರೆ ಜೋತುಬಿದ್ದ ಬಾಗಿಲು ಒಂದೇ ಸಮನೆ ಅಲ್ಲಾಡಿತು. ಒಳಗೆ ಕೂತು, ಬಾಗಿಲು ಎಳೆದುಕೊಂಡರೆ ಮಾತ್ರ ನಟ್ಟು ಹಿಡಿಯುವಂತಿತ್ತು.

ಸ್ಪ್ರಿಂಗು ಎದ್ದ ಸೀಟಿನ ಮೇಲೆ ಕೂತಳು. ಒಂದು ನಟ್ಟು ಹಾಕಿದಳು. ಇನ್ನೊಂದನ್ನೂ ಹಾಕಿದಳು. ಸಿಟ್ಟಿನಲ್ಲೂ ಕೆಲಸ ಕೆಡಿಸುವವಳಲ್ಲ, ಬಿಗಿಯಾಗಿಯೇ ಹಾಕಿದಳು. ಆಮೇಲೆ ಬೆವರು ಒರೆಸಿಕೊಳ್ಳುತ್ತ ಆಚೆ ಬದಿಗೆ ತಿರುಗಿದಳು.

ಆಚೆಯ ಬಲಬಾಗಿಲಿನ ಒಳಮೈ ಅವಳೆದುರಿಗೇ ಇತ್ತು. ಅದರ ಮೇಲೆ ಎರಡು ನಟ್ಟು.

ಕಸ್ತೂರಿ ಬಾಯಿ ತೆರೆದುಕೊಂಡು ನೋಡಿದಳು. ಹ್ಯಾಂಡಲ್ ಇರುವುದು ಹೊರಗಾದರೂ ಅದನ್ನು ಬಿಚ್ಚುವುದು ಒಳಗಿನಿಂದಲ್ಲವೇ? ಈಗ ತಾನೇ ತನ್ನ ಕೈಯಾರೆ ಮಾಡಿದ ಕೆಲಸ!

ಗೇರು ದಾಟಿ ಡ್ರೈವರ್ ಸೀಟಿಗೆ ಹೋಗಿ ಬಿದ್ದಳು, ಥೇಟ್ ಸಿಸ್ಟರ್ ಹಾಗೆಯೇ. ಗಾಜಿಲ್ಲದ ಕಿಟಕಿಯಿಂದ ಒಂದು ಕೈ ಸಂದಿಯೊಳಗೆ ಇಳಿಬಿಟ್ಟು ಹ್ಯಾಂಡಲ್ ಹಿಡಿದಳು. ಇನ್ನೊಂದು ಕೈಯಿಂದ ಪಾನಾ ತಿರುವಿದಳು. ಮೊದಲನೆಯ ನಟ್ಟು ಸತಾಯಿಸಿತು, ಎರಡನೆಯದು ಸಲೀಸಾಗಿ ಬಂತು.

ಅವಳು ಹಾಕಿದ ಕೇಕೆಗೆ ಹಳ್ಳದ ಬೆಳ್ಳಕ್ಕಿಗಳೆಲ್ಲ ಎದ್ದು ಹಾರಿದವು.

ರಾಹೇಲ ಸಿಸ್ಟರ್ ಬಂದಾಗ ಕಾರು ಶೆಡ್ಡಿನ ಮುಂದೆ ನಿಂತಿತ್ತು. ಸಿಸ್ಟರ್ ರೂಢಿಯ ಬಲದಿಂದ ಎಡಬಾಗಿಲಿಗೇ ಹೋದರು.

“ಆ ಕಡೆ ಅಲ್ರಿ,” ಎಂದಳು ಕಸ್ತೂರಿ.

ಸಿಸ್ಟರ್ ಸುತ್ತಿಕೊಂಡು ಬಂದು ಹ್ಯಾಂಡಲ್ ಒತ್ತಿದರು. ಬಾಗಿಲು ತೆರೆಯಿತು. ಮುಚ್ಚಿದರು, ಮತ್ತೆ ತೆರೆದರು. ಹಾಗೆ ಎಷ್ಟು ಸಲ ಮಾಡಿದರೋ! ಕೊನೆಗೆ ರಾಣಿಯ ಹಾಗೆ ಹತ್ತಿ ಕೂತು, ಒಂದು ನಿಮಿಷ ಬಿಡದೆ ಹಾರ್ನ್ ಬಾರಿಸಿದರು.

“ಹೋಟೆಲಿನವರು ಹೂವಿನ ಗಿಡಕ್ಕ ಕುಂಡ ಕೊಳ್ಳಲಿ!” ಎಂದರು. “ಹತ್ರಿ ಇಬ್ಬರೂ. ಒಂದು ಸುತ್ತು ಹಾಕೋಣು.”

ಉಸ್ತಾದ್ ಮುಂದೆ ಕೂತರು, ಕಸ್ತೂರಿ ಹಿಂದೆ. ಕಾರು ಹಳ್ಳದ ದಂಡೆಗುಂಟ ಹೊರಟಿತು. ಗಾಳಿಗೆ ಕೂದಲು ಹಾರುತ್ತಿತ್ತು, ಕಸ್ತೂರಿಯ ನಗು ನಿಲ್ಲುತ್ತಿರಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಅವಳು ಮುಂದಕ್ಕೆ ಬಾಗಿದಳು.

“ಉಸ್ತಾದ್ರ, ಖರೇ ಹೇಳ್ರಿ. ಎಡಕಿಂದು ಹಾಕಾಕ ಒಳಗ ಕೂತ್ರ ಬಲಕಿಂದು ಕೈಗೆ ಸಿಗತೈತಿ ಅಂತ ನಿಮಗ ಮೊದಲ ಗೊತ್ತಿತ್ತು, ಹೌದಿಲ್ಲೋ?”

“ಇಲ್ಲವಾ,” ಎಂದರು ಗೈಬುಸಾಬರು. “ಎಡಕಿಂದು ನಮ್ಮದಲ್ಲ ಅನ್ನೂದಷ್ಟ ಗೊತ್ತಿತ್ತು.”