ಸವೆಯದ ಪುಡಿ

"ಗುರುಗಳೇ, ತನಗೆಂದು ಏನನ್ನೂ ತೆಗೆದುಕೊಳ್ಳದವನನ್ನು ನಂಬಬಹುದೇ?" ಎಂದು ಕಲ್ಲಿನಾಥ ಕೇಳಿದ.

ಕಲ್ಲಿನಾಥನಿಗೆ ಮಠದ ದಾಸೋಹದ ಉಸ್ತುವಾರಿ. ಅವನ ಕಣ್ಣು ಬಿದ್ದದ್ದು ಹೋದ ವರ್ಷ ಬಂದು ಸೇರಿದ ಅಡುಗೆಯ ಸಂಗಯ್ಯನ ಮೇಲೆ. ಸಂಗಯ್ಯ ಬಂದ ಮೇಲೆ, ಮುಖ ತಿರುಗಿಸಿಕೊಂಡು ಕೂರುತ್ತಿದ್ದ ಶಿಷ್ಯರೆಲ್ಲ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದರು. ಅವನು ಮಾತ್ರ ಬಂದ ದಿನ ಹೇಗಿದ್ದನೋ ಹಾಗೇ ಇದ್ದ. ಒಂದು ಹೊಸ ಪಂಚೆಯನ್ನೂ ಕೇಳಿರಲಿಲ್ಲ. ಇದರ ಹಿಂದೆ ಏನೋ ಇರಲೇಬೇಕು ಎಂದು ಕಲ್ಲಿನಾಥನಿಗೆ ಗುಮಾನಿ. ಗುರುಗಳು ಹೂಂ ಎಂದರೆ ನಾಳೆಯೇ ಅವನನ್ನು ಕಳಿಸಿಬಿಡುವುದೆಂದು ತೀರ್ಮಾನಿಸಿಕೊಂಡೇ ಬಂದಿದ್ದ.

ಗುರುಗಳು ಹೂಂ ಎನ್ನಲಿಲ್ಲ. ಕತೆ ಹೇಳಿದರು.

ಒಬ್ಬ ಸುಗಂಧದ ವ್ಯಾಪಾರಿ ಇದ್ದ. ಅವನ ಕಾರ್ಖಾನೆಯಲ್ಲಿ ಒಬ್ಬ ಹೆಂಗಸು ಕೆಲಸಕ್ಕಿದ್ದಳು. ಅವಳು ಗಾಜಿನ ಪಾತ್ರೆಗೆ ಕೀಟೋನ್ ಎಂಬ ಎಣ್ಣೆಯಂಥ ದ್ರವ ಹಾಕಿ, ಒಂದಿಷ್ಟು ಬಿಳಿ ಪುಡಿ ಸೇರಿಸಿ, ಹದವಾಗಿ ಬಿಸಿ ಮಾಡುತ್ತ ಹೈಡ್ರೋಜನ್ ಪೆರಾಕ್ಸೈಡನ್ನು ಹನಿಹನಿಯಾಗಿ ಬಿಡುತ್ತಿದ್ದಳು. ಆ ಕೀಟೋನಿನ ಒಂದೊಂದು ಕಣವೂ ಕೈಕೈ ಹಿಡಿದು ಸುತ್ತುಗಟ್ಟಿ ನಿಂತವರ ಹಾಗೆ. ಪೆರಾಕ್ಸೈಡು ತನ್ನಲ್ಲಿದ್ದ ಒಂದು ಆಕ್ಸಿಜನ್ನನ್ನು ಅದಕ್ಕೆ ಕೊಟ್ಟು ತಾನು ಬರೀ ನೀರಾಗುತ್ತಿತ್ತು. ಸುತ್ತು ಒಂದು ಕಡೆ ಬಿಚ್ಚಿಕೊಂಡು, ಬಂದದ್ದನ್ನು ನಡುವೆ ಸೇರಿಸಿಕೊಂಡು, ಮತ್ತೆ ಕೂಡಿಕೊಳ್ಳುತ್ತಿತ್ತು. ಆಗ ಅದು ಲ್ಯಾಕ್ಟೋನ್. ಹಾಲಿನ ಕೆನೆಯ ಪರಿಮಳ ಅದಕ್ಕೆ. ಪುಡಿ ಕೀಟೋನನ್ನೂ ಪೆರಾಕ್ಸೈಡನ್ನೂ ಹತ್ತಿರ ತಂದು ಸೇರಿಸಿ, ತಾನು ಇದ್ದಷ್ಟೇ ಉಳಿಯುತ್ತಿತ್ತು. ಅವಳು ಅದನ್ನು ಸೋಸಿ, ತೊಳೆದು, ಒಣಗಿಸಿ ಭರಣಿಗೆ ತುಂಬುತ್ತಿದ್ದಳು. ಆ ಪುಡಿ ಮಾಡುವ ಹದ ಅವಳೊಬ್ಬಳಿಗೇ ಗೊತ್ತಿತ್ತು. ಆ ಪರಿಮಳದಿಂದಲೇ ವ್ಯಾಪಾರಿಯ ಮನೆ ನಡೆಯುತ್ತಿತ್ತು.

ವ್ಯಾಪಾರಿ ಒಂದು ದಿನ ಭರಣಿಯನ್ನು ತೂಗಿದ. ತಿಂಗಳು ಬಿಟ್ಟು ಮತ್ತೆ ತೂಗಿದ. ಅಷ್ಟೇ ಇತ್ತು. ಅವನ ತಲೆಗೆ ಹುಳ ಹೊಕ್ಕಿತು. ಸಾಬೂನು ಸವೆಯುತ್ತದೆ, ಬಳಪ ಸವೆಯುತ್ತದೆ, ಮನೆಯ ಹೊಸಿಲು ಕೂಡ ಸವೆಯುತ್ತದೆ. ಕೆಲಸ ಮಾಡಿಯೂ ಸವೆಯದ ಪದಾರ್ಥ ಎಲ್ಲಾದರೂ ಉಂಟೇ? ಇವಳು ಪುಡಿ ಹಾಕಿದ ಹಾಗೆ ಮಾಡಿ ನನ್ನ ಕಣ್ಣಿಗೆ ಮಣ್ಣೆರಚುತ್ತಿದ್ದಾಳೆ ಎಂದುಕೊಂಡ. ಕಿಟಕಿಯ ಸಂದಿಯಿಂದ ನೋಡಿದ. ಅವಳು ಹಾಕುತ್ತಲೇ ಇದ್ದಳು. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಹಾಗಾದರೆ ಸವೆದಷ್ಟನ್ನು ಗುಟ್ಟಾಗಿ ತುಂಬಿಡುತ್ತಿದ್ದಾಳೆ; ಮನೆಯಲ್ಲಿ ಇನ್ನೊಂದು ಭರಣಿ ಇಟ್ಟಿದ್ದಾಳೆ; ನಾಳೆ ತನ್ನದೇ ಅಂಗಡಿ ಹಾಕುತ್ತಾಳೆ! ಅನುಮಾನಕ್ಕೆ ಇಂಥದ್ದೇ ಊಟ ಬೇಕೆಂದಿಲ್ಲ ನೋಡು, ಹಾಕಿದ್ದನ್ನೆಲ್ಲ ತಿಂದು ಕೊಬ್ಬುತ್ತದೆ.

ಒಂದು ಬೆಳಿಗ್ಗೆ ಅವಳು ಬರುವ ಮೊದಲೇ ಅವನು ಭರಣಿಯ ಪುಡಿಯನ್ನು ಚರಂಡಿಗೆ ಸುರಿದು, ಅಷ್ಟೇ ತೂಕದ ಸೀಮೆಸುಣ್ಣದ ಪುಡಿ ತುಂಬಿಟ್ಟ. ಪುಡಿ ಬರೀ ನಾಟಕವಾದರೆ, ಇಲ್ಲವೇ ಅವಳ ಬಳಿ ಇನ್ನೊಂದು ಭರಣಿಯಿದ್ದರೆ, ಪರಿಮಳ ಬಂದೇ ಬರುತ್ತದೆ, ಆಗ ಹಿಡಿಯುತ್ತೇನೆ ಎಂಬುದು ಅವನ ಹಂಚಿಕೆ.

ಸಂಜೆಯಾದರೂ ಕೆನೆಯ ಪರಿಮಳ ಬರಲಿಲ್ಲ. ಹೆಂಗಸು ಭರಣಿಯಲ್ಲಿ ಉಳಿದಿದ್ದ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿದಳು. "ಯಜಮಾನ್ರೇ, ಇದು ಆ ಪುಡಿ ಅಲ್ಲ."

"ಅಷ್ಟು ಗಟ್ಟಿಯಾಗಿ ಹೇಳ್ತೀಯಲ್ಲ! ಅಸಲಿ ಪುಡೀನ ಬಚ್ಚಿಟ್ಟೋರಿಗೆ ತಾನೆ ಅದು ಗೊತ್ತಾಗೋದು? ಎರಡು ಸಲ ತೂಗಿದ್ದೀನಿ. ಒಂದು ಗುಲಗಂಜಿಯಷ್ಟೂ ಕಮ್ಮಿ ಆಗಿರ್ಲಿಲ್ಲ."

"ಕಮ್ಮಿ ಆಗಿದ್ರೆ ಕಳ್ಳಿ ಅಂತಿದ್ರಿ. ಆಗ್ಲಿಲ್ಲ ಅಂತ ಮೋಸಗಾತಿ ಮಾಡಿದ್ರಿ. ನಾನು ಹೇಗಿದ್ರೆ ನಿಮಗೆ ಸರಿ, ಅದಾದ್ರೂ ಹೇಳಿ."

ವ್ಯಾಪಾರಿ ಅವಳನ್ನು ಕೆಲಸದಿಂದ ಬಿಡಿಸಿದ. ಬಾಗಿಲಲ್ಲಿ ನಿಲ್ಲಿಸಿ ಅವಳ ಗಂಟು ಬಿಚ್ಚಿಸಿದ. ಒಂದು ಹಳೆಯ ಸೀರೆ, ಮರದ ಬಾಚಣಿಗೆ, ಎರಡು ರೊಟ್ಟಿ. ಅವಳಿಗೆ ಅವಮಾನದಿಂದ ಕಣ್ಣು ತುಂಬಿ ಬಂತು. ಗಂಟು ಕಟ್ಟಿಕೊಂಡು ಹೊರಟುಹೋದಳು.

ಆಮೇಲೆ ಅವನು ಮೂವರನ್ನು ಕೆಲಸಕ್ಕಿಟ್ಟು ನೋಡಿದ. ಯಾರ ಕೈಯಲ್ಲೂ ಪರಿಮಳ ಬರಲಿಲ್ಲ. ಚರಂಡಿಯ ಕೆಸರನ್ನೂ ಕೆದಕಿ ನೋಡಿದ. ಕಾರ್ಖಾನೆ ಮುಚ್ಚಿತು. ಅವಳೇ ಮಾಟ ಮಾಡಿಸಿದ್ದು ಎಂದು ಸಾಯುವ ತನಕ ಹೇಳುತ್ತಿದ್ದ.

ಗುರುಗಳು ಕತೆ ಮುಗಿಸಿದರು. ಆ ವ್ಯಾಪಾರಿಯ ಬಗ್ಗೆ ಕಲ್ಲಿನಾಥನಿಗೆ ನಿಜವಾಗಿಯೂ ಮರುಕ ಹುಟ್ಟಿತ್ತು.

"ಗುರುಗಳೇ, ಬಟ್ಟೆಯ ಗಂಟು ಬಿಚ್ಚಿಸಿದ, ಸರಿ. ಅವಳ ಸೆರಗಿನ ತುದಿ ನೋಡಿದನೇ?"

"ಅದೊಂದು ಬಾಕಿ ಉಳಿಯಿತು, ಮಗೂ, ಅದಕ್ಕೇ ನಿನ್ನನ್ನು ಬಿಟ್ಟು ಹೋಗಿದ್ದಾನೆ" ಎಂದರು ಗುರುಗಳು.